ಛಲವಿದ್ದರೆ ಶ್ವಾಸಕೋಶದ ಕಾಯಿಲೆ ಲೆಕ್ಕಕ್ಕಿಲ್ಲವೇ? ಜಾರ್ಜ್ ಆರ್ವೆಲ್ ಬದುಕು ಹೇಳುವುದೇ ಬೇರೆ

ಕಾಯಿಲೆಯನ್ನು ಲೆಕ್ಕಿಸದೆ ದುಡಿದು ಗೆದ್ದವರ ಕಥೆಗಳು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತವೆ. ಛಲವಿದ್ದರೆ ದೇಹ ಮಾತು ಕೇಳುತ್ತದೆ ಎಂಬುದು ಅವುಗಳ ಸಾರ. ಕ್ಷಯದ ನಡುವೆಯೇ ‘1984’ ಕಾದಂಬರಿ ಬರೆದ ಜಾರ್ಜ್ ಆರ್ವೆಲ್ ಇಂಥ ಕಥೆಗೆ ಹೇಳಿ ಮಾಡಿಸಿದ ವ್ಯಕ್ತಿ. ಹಾಗಾದರೆ ಅವರ ಬದುಕನ್ನೇ ಒಮ್ಮೆ ನೋಡೋಣ.

ಎರಿಕ್ ಆರ್ಥರ್ ಬ್ಲೇರ್ ಎಂಬುದು ಅವರ ನಿಜವಾದ ಹೆಸರು. 1903ರಲ್ಲಿ ಈಗಿನ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದರು. ಚಿಕ್ಕಂದಿನಿಂದಲೂ ಎದೆಯ ತೊಂದರೆ ಇತ್ತು. ಜೊತೆಗೆ ವಿಪರೀತ ಸಿಗರೇಟು. 1933ರ ಕೊನೆಯಲ್ಲಿ ನ್ಯುಮೋನಿಯಾ ಬಂದು ಶಾಲಾ ಶಿಕ್ಷಕನ ಕೆಲಸ ಬಿಟ್ಟರು. 1938ರಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ಇಂಗ್ಲೆಂಡಿನ ಕೆಂಟ್‌ನ ಸ್ಯಾನಟೋರಿಯಂನಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ಉಳಿಯಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಲು ಹೋದರೆ ದೇಹ ಯೋಗ್ಯವಲ್ಲವೆಂದು ವಾಪಸ್ ಕಳಿಸಿದರು.

ಹೀಗೇಕಾಗುತ್ತದೆ? ಶ್ವಾಸಕೋಶ ಹಾಳಾದಷ್ಟೂ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆಯಾಗುತ್ತದೆ. ನಾವು ಗಮನಿಸದೆಯೇ ನಡೆಯುವ ಉಸಿರಾಟಕ್ಕೇ ರೋಗಿಯ ಶಕ್ತಿ ಖರ್ಚಾಗುತ್ತದೆ. ಕೆಮ್ಮು ನಿದ್ದೆ ಕೆಡಿಸುತ್ತದೆ. ಕ್ಷಯವಾದರೆ ಜ್ವರ ಬಂದು ತೂಕವೂ ಇಳಿಯುತ್ತದೆ. ಇನ್ನು ದುಡಿಯಲು ಉಳಿಯುವುದೆಷ್ಟು?

1947ರ ಡಿಸೆಂಬರ್‌ನಲ್ಲಿ ಆರ್ವೆಲ್ ಸ್ಕಾಟ್ಲೆಂಡಿನ ಹೇರ್‌ಮೈರ್ಸ್ ಆಸ್ಪತ್ರೆ ಸೇರಿದರು. ಅಲ್ಲಿ ಕಳೆದದ್ದು ಏಳು ತಿಂಗಳು. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿಯನ್ನು ಅಮೆರಿಕದಿಂದ ತರಿಸಲಾಯಿತು. ಅದು ಅವರಿಗೆ ಒಗ್ಗಲಿಲ್ಲ. ಚರ್ಮ ಸುಲಿಯಿತು, ಬಾಯಿ ಹುಣ್ಣಾಯಿತು. ಔಷಧಿ ನಿಲ್ಲಿಸಬೇಕಾಯಿತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಜುರಾ ದ್ವೀಪದ ಒಂಟಿ ಮನೆಗೆ ಮರಳಿದರು. ಕಾದಂಬರಿಯ ಕೊನೆಯ ಪ್ರತಿ ಟೈಪ್ ಮಾಡಲು ಅಷ್ಟು ದೂರಕ್ಕೆ ಯಾರೂ ಸಿಗಲಿಲ್ಲ. 1948ರ ಕೊನೆಯಲ್ಲಿ, ಬಹುಪಾಲು ಹಾಸಿಗೆಯಲ್ಲೇ ಕೂತು, ಇಡೀ ಪುಸ್ತಕವನ್ನು ತಾವೇ ಟೈಪ್ ಮಾಡಿದರು. ಕೆಲಸ ಮುಗಿಯಿತು, ದೇಹವೂ ಸೋತಿತು. 1949ರ ಜನವರಿಯಲ್ಲಿ ಮತ್ತೆ ಸ್ಯಾನಟೋರಿಯಂ ಸೇರಿದರು. ಜೂನ್‌ನಲ್ಲಿ ಪುಸ್ತಕ ಹೊರಬಂತು. 1950ರ ಜನವರಿ 21ರಂದು, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆಗ ವಯಸ್ಸು 46.

ಆರ್ವೆಲ್‌ಗೆ ಛಲಕ್ಕೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಉಸಿರಿಗೆ, ಸರಿಯಾದ ಔಷಧಿಗೆ, ವಿಶ್ರಾಂತಿಗೆ. ಇಂದು ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಇದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡರೆ ಬಹುತೇಕರು ಗುಣವಾಗಿ ಕೆಲಸಕ್ಕೆ ಮರಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯ ಹಣವೂ ರೋಗಿಯ ಖಾತೆಗೆ ಬರುತ್ತದೆ.

ಎರಡು ವಾರ ದಾಟಿದ ಕೆಮ್ಮನ್ನು ಕಷಾಯದಲ್ಲೇ ಕಳೆಯಬೇಡಿ, ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಾದರೂ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟು ಕೂತರೆ ಸೋಮಾರಿ ಎನ್ನಬೇಡಿ. ಛಲದ ಮೆಸೇಜ್ ಕಳಿಸುವುದಕ್ಕಿಂತ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ದೊಡ್ಡ ಉಪಕಾರ.