ಆಂಡ್ರಿಯಾಸ್ ವೆಸಾಲಿಯಸ್

ಆಂಡ್ರಿಯಾಸ್ ವೆಸಾಲಿಯಸ್ (31 ಡಿಸೆಂಬರ್ 1514 – ಅಕ್ಟೋಬರ್ 1564) ಹದಿನಾರನೆಯ ಶತಮಾನದ ವೈದ್ಯ ಮತ್ತು ಅಂಗರಚನಾ ವಿಜ್ಞಾನಿ. ಆಧುನಿಕ ಅಂಗರಚನಾಶಾಸ್ತ್ರದ ಜನಕನೆಂದು ಈತನನ್ನು ಕರೆಯಲಾಗುತ್ತದೆ. ಮಾನವ ದೇಹದ ರಚನೆಯನ್ನು ಪ್ರತ್ಯಕ್ಷ ಶವಚ್ಛೇದನದ ಆಧಾರದಿಂದ ವಿವರಿಸಿದ ಈತನ ಲ್ಯಾಟಿನ್ ಗ್ರಂಥವು ವೈದ್ಯಕೀಯ ಪರಿಭಾಷೆಯ ಬೆಳವಣಿಗೆಯಲ್ಲಿಯೂ ಮುಖ್ಯ ಘಟ್ಟವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವೆಸಾಲಿಯಸ್ ಬ್ರಸೆಲ್ಸ್ ನಗರದಲ್ಲಿ ಜನಿಸಿದನು. ಈತನ ಮೂಲ ಹೆಸರು ಆಂಡ್ರೀಸ್ ವಾನ್ ವೆಸೆಲ್. ಅಂದಿನ ವಿದ್ವಾಂಸರ ರೂಢಿಯಂತೆ ಅದು ಲ್ಯಾಟಿನ್ ರೂಪ ತಳೆಯಿತು. ತಂದೆ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಆಸ್ಥಾನದಲ್ಲಿ ಔಷಧ ತಯಾರಕನಾಗಿದ್ದನು. ಅಂದು ಯುರೋಪಿನ ವಿಶ್ವವಿದ್ಯಾಲಯಗಳ ಬೋಧನಾ ಭಾಷೆ ಲ್ಯಾಟಿನ್. ಆ ಭಾಷೆ ಬಾರದವನಿಗೆ ಅಲ್ಲಿ ವೈದ್ಯವಿದ್ಯೆಯ ಬಾಗಿಲು ಮುಚ್ಚಿತ್ತು. ಲೂವೆನ್‌ನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಅಭ್ಯಾಸ ಮಾಡಿದ ವೆಸಾಲಿಯಸ್ 1533ರಲ್ಲಿ ವೈದ್ಯಕೀಯ ವ್ಯಾಸಂಗಕ್ಕಾಗಿ ಪ್ಯಾರಿಸ್‌ಗೆ ತೆರಳಿದನು. ಅಲ್ಲಿ ಜಾಕೊಬಸ್ ಸಿಲ್ವಿಯಸ್ ಈತನ ಗುರುಗಳಲ್ಲೊಬ್ಬನಾಗಿದ್ದನು. 1536ರಲ್ಲಿ ಯುದ್ಧದ ಕಾರಣ ಪ್ಯಾರಿಸ್ ಬಿಡಬೇಕಾಯಿತು.

ಮರುವರ್ಷ, ಪರ್ಷಿಯಾದ ವೈದ್ಯ ರಾಝಿಯ ಗ್ರಂಥದ ಒಂಬತ್ತನೆಯ ಭಾಗವನ್ನು ಶುದ್ಧ ಲ್ಯಾಟಿನ್‌ನಲ್ಲಿ ಮರುನಿರೂಪಿಸಿ ಪ್ರಕಟಿಸಿದನು. 1537ರ ಡಿಸೆಂಬರ್‌ನಲ್ಲಿ ಇಟಲಿಯ ಪಡುವಾದಲ್ಲಿ ವೈದ್ಯ ಪದವಿ ಪಡೆದ ಮರುದಿನವೇ ಅಲ್ಲಿ ಶಸ್ತ್ರಚಿಕಿತ್ಸೆ ಮತ್ತು ಅಂಗರಚನೆಯ ಪ್ರಾಧ್ಯಾಪಕನಾದನು. ಆಗ ಈತನಿಗೆ ಇನ್ನೂ 23 ವರ್ಷ ತುಂಬಿರಲಿಲ್ಲ.

ಹೆಸರುಗಳ ಗೊಂದಲ

ಆ ಕಾಲದ ವೈದ್ಯ ವಿದ್ಯಾರ್ಥಿಗಳಿಗೆ ಒಂದೇ ಅಂಗ ಹಲವು ಹೆಸರುಗಳಲ್ಲಿ ಎದುರಾಗುತ್ತಿತ್ತು. ಗ್ರೀಕ್ ಗ್ರಂಥಗಳು ಅರಬ್ಬಿಗೂ ಅರಬ್ಬಿಯಿಂದ ಲ್ಯಾಟಿನ್‌ಗೂ ಅನುವಾದವಾಗಿದ್ದುದೇ ಇದಕ್ಕೆ ಕಾರಣ. ಹೊಟ್ಟೆಯ ಭಿತ್ತಿಗೆ ಮಿರಾಕ್, ಅದರ ಒಳಪೊರೆಗೆ ಸಿಫಾಕ್ ಎಂಬ ಅರಬ್ಬಿ ಮೂಲದ ಪದಗಳು ಪಠ್ಯಗಳಲ್ಲಿ ಬಳಕೆಯಲ್ಲಿದ್ದವು. 1538ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಆರು ಚಿತ್ರಪಟಗಳಲ್ಲಿ ವೆಸಾಲಿಯಸ್ ಅಂಗಗಳ ಹೆಸರುಗಳನ್ನು ಲ್ಯಾಟಿನ್, ಗ್ರೀಕ್, ಅರಬ್ಬಿ ಮತ್ತು ಹೀಬ್ರೂ ಭಾಷೆಗಳಿಂದ ಆಯ್ದು ಕೊಟ್ಟನು.

ಫ್ಯಾಬ್ರಿಕಾ ಗ್ರಂಥ

ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತು ಆಗ ಪ್ರಮಾಣವಾಗಿತ್ತು. ಪಾಠದ ಸಮಯದಲ್ಲಿ ಅಧ್ಯಾಪಕನು ಪೀಠದ ಮೇಲೆ ಕುಳಿತು ಗ್ರಂಥ ಓದುವುದು, ಕೆಳಗೆ ಸಹಾಯಕನು ಶವ ಛೇದಿಸುವುದು ಪದ್ಧತಿ. ವೆಸಾಲಿಯಸ್ ತಾನೇ ಛೇದನ ಮಾಡಿ ತೋರಿಸಿದನು. ಮರಣದಂಡನೆಗೆ ಗುರಿಯಾದವರ ಶವಗಳು ಈತನಿಗೆ ದೊರೆಯುತ್ತಿದ್ದವು. ಗ್ಯಾಲೆನ್‌ನ ವಿವರಣೆಗಳು ಬಹುಮಟ್ಟಿಗೆ ಕೋತಿ ಮೊದಲಾದ ಪ್ರಾಣಿಗಳ ದೇಹವನ್ನು ಅವಲಂಬಿಸಿವೆ ಎಂಬುದು ಈತನಿಗೆ ಸ್ಪಷ್ಟವಾಯಿತು. ಮನುಷ್ಯನ ಕೆಳದವಡೆ ಎರಡು ಮೂಳೆಗಳಲ್ಲ, ಒಂದೇ; ಎದೆಯ ಮೂಳೆಯ ಭಾಗಗಳು ಏಳಲ್ಲ, ಮೂರು ಎಂದು ತೋರಿಸಿದನು.

1543ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಏಳು ಭಾಗಗಳ 'ಡಿ ಹ್ಯೂಮಾನಿ ಕಾರ್ಪೊರಿಸ್ ಫ್ಯಾಬ್ರಿಕಾ' ಗ್ರಂಥವನ್ನು ಬಾಸೆಲ್‌ನಲ್ಲಿ ಮುದ್ರಿಸಿದನು. 'ಮಾನವ ದೇಹದ ರಚನೆಯನ್ನು ಕುರಿತು' ಎಂಬುದು ಶೀರ್ಷಿಕೆಯ ಅರ್ಥ. ಇದರಲ್ಲಿ ಚಿತ್ರದ ಭಾಗಗಳಿಗೆ ಅಕ್ಷರದ ಗುರುತು ಹಾಕಿ ವಿವರಣೆಗೆ ಜೋಡಿಸಲಾಗಿದೆ. ಹೀಗಾಗಿ ಹೆಸರು ಬೇರೆಯಾದರೂ ಅಂಗ ಯಾವುದೆಂಬ ಸಂದೇಹ ಉಳಿಯುವುದಿಲ್ಲ. ಹೋಲಿಕೆಯಿಂದ ವಿವರಿಸುವುದು ಈತನ ಕ್ರಮ. ಕಿವಿಯೊಳಗಿನ ಎರಡು ಪುಟ್ಟ ಮೂಳೆಗಳನ್ನು ಸುತ್ತಿಗೆ ಮತ್ತು ಕಮ್ಮಾರನ ಅಡಿಗಲ್ಲಿಗೆ ಹೋಲಿಸಿದನು. ಇಂದಿನ ಮ್ಯಾಲಿಯಸ್, ಇಂಕಸ್ ಎಂಬ ಲ್ಯಾಟಿನ್ ಹೆಸರುಗಳ ಅರ್ಥ ಇದೇ. ಹೃದಯದ ಎಡಭಾಗದ ಕವಾಟವು ಬಿಷಪ್ ಧರಿಸುವ ಮೈಟರ್ ಎಂಬ ಕಿರೀಟವನ್ನು ಹೋಲುತ್ತದೆ ಎಂದನು. ಅದು ಮೈಟ್ರಲ್ ಕವಾಟವಾಯಿತು.

ವಿರೋಧ

ಗ್ಯಾಲೆನ್‌ನನ್ನು ತಿದ್ದಿದ್ದು ಹಲವರಿಗೆ ಸಹ್ಯವಾಗಲಿಲ್ಲ. ಗುರು ಸಿಲ್ವಿಯಸ್ 1551ರಲ್ಲಿ ಖಂಡನಗ್ರಂಥ ಬರೆದು, ವೆಸಾಲಿಯಸ್ ಎಂಬ ಹೆಸರನ್ನು ಹುಚ್ಚ ಎಂಬರ್ಥದ ವೆಸಾನಸ್ ಎಂಬ ಲ್ಯಾಟಿನ್ ಪದವಾಗಿ ತಿರುಚಿದನು. ಆದರೆ ಪರಿಭಾಷೆಗೆ ಗುರುಶಿಷ್ಯರಿಬ್ಬರೂ ಬೇಕಾದರು. ವೆಸಾಲಿಯಸ್ ಸ್ನಾಯುಗಳನ್ನು ಹೆಚ್ಚಾಗಿ ಸಂಖ್ಯೆಗಳಿಂದ ಗುರುತಿಸಿದ್ದನು. ಅವುಗಳಿಗೆ ಹೆಸರುಗಳನ್ನು ನೆಲೆಗೊಳಿಸುವುದರಲ್ಲಿ ಸಿಲ್ವಿಯಸ್‌ನ ಪಾತ್ರ ದೊಡ್ಡದು.

ಕೊನೆಯ ದಿನಗಳು

ಗ್ರಂಥ ಪ್ರಕಟವಾದ ಬಳಿಕ ವೆಸಾಲಿಯಸ್ ಬೋಧನೆ ಬಿಟ್ಟು ಐದನೆಯ ಚಾರ್ಲ್ಸ್‌ನ, ಅನಂತರ ಸ್ಪೇನಿನ ಎರಡನೆಯ ಫಿಲಿಪ್‌ನ ಆಸ್ಥಾನ ವೈದ್ಯನಾದನು. ಆಸ್ಥಾನಕ್ಕೆ ಹೋಗುವಾಗ ತನ್ನ ಹಲವು ಟಿಪ್ಪಣಿಗಳನ್ನು ಸುಟ್ಟುಹಾಕಿದನು. ಆದರೂ 1555ರಲ್ಲಿ ಫ್ಯಾಬ್ರಿಕಾದ ಪರಿಷ್ಕೃತ ಆವೃತ್ತಿ ಹೊರತಂದನು. 1564ರಲ್ಲಿ ಜೆರುಸಲೇಮ್ ಯಾತ್ರೆಯಿಂದ ಹಿಂದಿರುಗುವಾಗ ಗ್ರೀಸಿನ ಜಾಕಿಂಥೋಸ್ ದ್ವೀಪದಲ್ಲಿ ನಿಧನನಾದನು.

ಪರಂಪರೆ

ವೆಸಾಲಿಯಸ್‌ನ ನಂತರವೂ ಒಂದೇ ಅಂಗಕ್ಕೆ ಅನೇಕ ಹೆಸರುಗಳು ಹುಟ್ಟುತ್ತಲೇ ಇದ್ದವು. 1895ರಲ್ಲಿ, ಫ್ಯಾಬ್ರಿಕಾ ಮುದ್ರಣಗೊಂಡ ಅದೇ ಬಾಸೆಲ್‌ನಲ್ಲಿ, ಅಂಗರಚನಾ ವಿಜ್ಞಾನಿಗಳು ಏಕರೂಪದ ಲ್ಯಾಟಿನ್ ಪದಪಟ್ಟಿಯನ್ನು ಅಂಗೀಕರಿಸಿದರು. 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಟ್ಟಿ 'ಟರ್ಮಿನೋಲೋಜಿಯಾ ಅನಾಟೋಮಿಕಾ' ಕೂಡ ಲ್ಯಾಟಿನ್ ಹೆಸರುಗಳನ್ನೇ ಆಧರಿಸಿದೆ. ಇಂದಿನ ವೈದ್ಯ ವಿದ್ಯಾರ್ಥಿಗೆ ವೆಸಾಲಿಯಸ್‌ನಂತೆ ಲ್ಯಾಟಿನ್‌ನಲ್ಲಿ ಬರೆಯುವ ಅಗತ್ಯವಿಲ್ಲ. ಆದರೆ ಪದಗಳ ಮೂಲಾರ್ಥ ತಿಳಿದರೆ, ಬಾಯಿಪಾಠ ಮಾಡಬೇಕಾದ ಎಷ್ಟೋ ಹೆಸರುಗಳು ಅಂಗದ ಆಕಾರವನ್ನು ತಾವೇ ಹೇಳುತ್ತವೆ.