ಫಡೆಪ್ಪ ದರೆಪ್ಪ ಚೌಗುಲೆ

ಫಡೆಪ್ಪ ದರೆಪ್ಪ ಚೌಗುಲೆಯವರು ಬೆಳಗಾವಿಯ ದೂರ ಓಟಗಾರರು. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ 1920ರಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿ, ಮ್ಯಾರಥಾನ್ ಓಟದಲ್ಲಿ 19ನೆಯ ಸ್ಥಾನ ಪಡೆದರು. ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ಭಾರತದ ಮೊದಲ ತಂಡದ ಸದಸ್ಯರಲ್ಲಿ ಇವರೊಬ್ಬರು.

ಹಿನ್ನೆಲೆ

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಭಾರತದ ಹೆಸರಿನಲ್ಲಿ ಸ್ಪರ್ಧಿಸಿದ್ದರು. ಆ ಬಳಿಕ ಎರಡು ದಶಕಗಳ ಕಾಲ ಭಾರತದಿಂದ ಯಾರೂ ಹೋಗಿರಲಿಲ್ಲ. ಆಗ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಈ ಭಾಗದ ಕ್ರೀಡಾಪಟುಗಳಿಗೆ ಪುಣೆಯ ಡೆಕ್ಕನ್ ಜಿಮಖಾನಾ ಪ್ರಮುಖ ಕೇಂದ್ರವಾಗಿತ್ತು. ಉದ್ಯಮಿ ದೊರಾಬ್ಜಿ ಟಾಟಾ ಅವರು ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟದಲ್ಲಿ ರೈತಾಪಿ ಓಟಗಾರರು ಯಾವ ತರಬೇತಿಯೂ ಇಲ್ಲದೆ ಬರಿಗಾಲಿನಲ್ಲಿ ಓಡಿದರು. ಆದರೂ ದೂರದ ಓಟಗಳಲ್ಲಿ ಅವರ ವೇಗವು ಯುರೋಪಿನ ಓಟಗಾರರ ಮಟ್ಟಕ್ಕೆ ಹತ್ತಿರವಾಗಿರುವುದನ್ನು ಟಾಟಾ ಗಮನಿಸಿದರು. ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ಸಹಾಯದಿಂದ ಭಾರತಕ್ಕೆ ಒಲಿಂಪಿಕ್ಸ್ ಪ್ರವೇಶ ದೊರಕಿಸಿಕೊಂಡರು.

ಆಯ್ಕೆ

ತಂಡದ ಆಯ್ಕೆಯ ಹೊಣೆ ಹೊತ್ತವರಿಗೂ ಅಂತರರಾಷ್ಟ್ರೀಯ ಮಟ್ಟದ ಪರಿಚಯ ಅಷ್ಟಾಗಿ ಇರಲಿಲ್ಲ. ಕಿರು ಓಟದ ಕಾಲವನ್ನು ಸೆಕೆಂಡಿನ ಭಾಗಗಳಲ್ಲಿ ಅಳೆಯುತ್ತಾರೆಂಬುದು ಸಮಿತಿಯ ಸದಸ್ಯರೊಬ್ಬರಿಗೆ ತಿಳಿದಿರಲಿಲ್ಲವೆಂದು ಟಾಟಾ ಅವರು ಮುಂದೆ ದಾಖಲಿಸಿದ್ದಾರೆ. ಪುಣೆಯಲ್ಲಿ ನಡೆದ ಆಯ್ಕೆ ಸ್ಪರ್ಧೆಯ ನಂತರ ಆರು ಮಂದಿಯನ್ನು ಕಳುಹಿಸಲು ತೀರ್ಮಾನಿಸಲಾಯಿತು. ಬೆಳಗಾವಿಯ ಚೌಗುಲೆ, ಸಾತಾರದ ದಾತಾರ್, ಹುಬ್ಬಳ್ಳಿಯ ಕೈಕಾಡಿ ಮತ್ತು ಬಂಗಾಳದ ಪೂರ್ಮಾ ಬ್ಯಾನರ್ಜಿ ಓಟಗಾರರಾಗಿ, ನವಲೆ ಮತ್ತು ಶಿಂದೆ ಕುಸ್ತಿಪಟುಗಳಾಗಿ ಆಯ್ಕೆಯಾದರು. ವೆಚ್ಚದ ಒಂದು ಭಾಗವನ್ನು ಟಾಟಾ ಸ್ವತಃ ಭರಿಸಿದರು. ಸೊಹ್ರಾಬ್ ಭೂತ್ ಮತ್ತು ಟೆನಿಸ್ ಆಟಗಾರ ಎ. ಎಚ್. ಫೈಜಿ ತಂಡದ ವ್ಯವಸ್ಥಾಪಕರಾಗಿದ್ದರು.

ಆಂಟ್‌ವರ್ಪ್ ಒಲಿಂಪಿಕ್ಸ್

ಮೊದಲನೆಯ ಮಹಾಯುದ್ಧದಲ್ಲಿ ನೊಂದ ಬೆಲ್ಜಿಯಂಗೆ ಗೌರವ ಸೂಚಕವಾಗಿ 1920ರ ಕ್ರೀಡಾಕೂಟವನ್ನು ಆಂಟ್‌ವರ್ಪ್‌ಗೆ ನೀಡಲಾಗಿತ್ತು. ಐದು ಬಳೆಗಳ ಒಲಿಂಪಿಕ್ ಧ್ವಜವು ಕ್ರೀಡಾಕೂಟವೊಂದರಲ್ಲಿ ಹಾರಿದ್ದು ಅಲ್ಲಿಯೇ ಮೊದಲು. ಚೌಗುಲೆಯವರು 10,000 ಮೀಟರ್ ಮತ್ತು ಮ್ಯಾರಥಾನ್ ಎರಡರಲ್ಲೂ ಸ್ಪರ್ಧಿಸಿದರು. 10,000 ಮೀಟರ್ ಓಟದಲ್ಲಿ ಅವರು ಅಂತಿಮ ಸುತ್ತನ್ನು ತಲುಪಲಿಲ್ಲ.

ಮ್ಯಾರಥಾನ್ ಆಗಸ್ಟ್ 22ರಂದು ನಡೆಯಿತು. ಓಟದ ದೂರವನ್ನು ಆಗಿನ್ನೂ ಖಚಿತವಾಗಿ ಗೊತ್ತುಪಡಿಸಿರಲಿಲ್ಲ, ಈಗಿನ 42.195 ಕಿ.ಮೀ. ದೂರ 1921ರಲ್ಲಿ ನಿಗದಿಯಾಯಿತು. ಆಂಟ್‌ವರ್ಪ್‌ನ ದಾರಿ 42.75 ಕಿ.ಮೀ. ಇದ್ದು, ಒಲಿಂಪಿಕ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದಾಗಿತ್ತು. ಓಟ ಆರಂಭಿಸಿದ 48 ಮಂದಿಯಲ್ಲಿ 35 ಮಂದಿ ಮಾತ್ರ ಗುರಿ ಮುಟ್ಟಿದರು. ಫಿನ್ಲೆಂಡಿನ ಹ್ಯಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ 19ನೆಯವರಾಗಿ ಓಟ ಮುಗಿಸಿದರು. ಅಂದರೆ ಅವರು ಪ್ರತಿ ಕಿಲೋಮೀಟರನ್ನು ಸರಾಸರಿ ನಾಲ್ಕು ನಿಮಿಷಗಳಲ್ಲಿ ಕ್ರಮಿಸಿದ್ದರು. ಅದೇ ಓಟದಲ್ಲಿದ್ದ ದಾತಾರ್ ಅವರಿಗೆ ಗುರಿ ಮುಟ್ಟಲಾಗಲಿಲ್ಲ. ಭಾರತ ತಂಡಕ್ಕೆ ಯಾವುದೇ ಪದಕ ದೊರೆಯಲಿಲ್ಲ. ಕುಸ್ತಿಯಲ್ಲಿ ಶಿಂದೆಯವರು ಕಂಚಿನ ಪದಕದ ಪಂದ್ಯದಲ್ಲಿ ಸೋತರು.

ಮಹತ್ವ

ಪದಕಪಟ್ಟಿಯನ್ನಷ್ಟೇ ನೋಡಿದರೆ ಚೌಗುಲೆಯವರ ಸಾಧನೆ ಕಾಣಿಸದು. ಆದರೆ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಅವರಿಗಿಂತ ಮೇಲಿನ ಸ್ಥಾನವನ್ನು ಭಾರತೀಯರೊಬ್ಬರು ಪಡೆಯಲು 56 ವರ್ಷಗಳು ಬೇಕಾದವು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾದರು. ನಡುವಿನ ಅವಧಿಯಲ್ಲಿ ಓಡಿದವರಿಗೆ ಸಂಘಟಿತ ಕ್ರೀಡಾ ವ್ಯವಸ್ಥೆಯೊಂದರ ಆಸರೆಯಿತ್ತು. ಚೌಗುಲೆಯವರ ಕಾಲಕ್ಕೆ ರಾಷ್ಟ್ರೀಯ ಒಲಿಂಪಿಕ್ ಸಂಸ್ಥೆಯೇ ಇರಲಿಲ್ಲ. ಆಂಟ್‌ವರ್ಪ್ ಪ್ರಯಾಣದ ಅನುಭವದಿಂದ ಆರಂಭವಾದ ಪ್ರಯತ್ನಗಳು 1924ರ ಪ್ಯಾರಿಸ್ ತಂಡಕ್ಕೆ ದಾರಿ ಮಾಡಿಕೊಟ್ಟವು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಗೊಂಡು, ದೊರಾಬ್ಜಿ ಟಾಟಾ ಅದರ ಮೊದಲ ಅಧ್ಯಕ್ಷರಾದರು.

ಇಂದಿನ ಕರ್ನಾಟಕಕ್ಕೆ ಸೇರಿದ ಪ್ರದೇಶದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಕ್ರೀಡಾಪಟುಗಳ ಸಾಲಿನಲ್ಲಿ ಹುಬ್ಬಳ್ಳಿಯ ಕೈಕಾಡಿಯವರೊಂದಿಗೆ ಚೌಗುಲೆಯವರ ಹೆಸರು ನಿಲ್ಲುತ್ತದೆ.