ಮಾರಿಸ್ ಹಾಲ್‌ಸ್ಟೆಡ್

ಮಾರಿಸ್ ಹೊವಾರ್ಡ್ ಹಾಲ್‌ಸ್ಟೆಡ್ (1918–1979) ಅಮೆರಿಕದ ಗಣಕವಿಜ್ಞಾನಿ. ಕಂಪ್ಯೂಟರ್ ಪ್ರೋಗ್ರಾಮುಗಳನ್ನೂ ಅವುಗಳನ್ನು ಬರೆಯುವ ಭಾಷೆಗಳನ್ನೂ ಅಂಕಿಗಳ ಮೂಲಕ ಅಳೆದು ಹೋಲಿಸುವ ಕ್ರಮವನ್ನು ರೂಪಿಸಿದವರಲ್ಲಿ ಇವರು ಪ್ರಮುಖರು.

ವೃತ್ತಿಜೀವನ

1950ರ ದಶಕದ ಕೊನೆಯಲ್ಲಿ ಹಾಲ್‌ಸ್ಟೆಡ್ ಸ್ಯಾನ್ ಡಿಯಾಗೊದಲ್ಲಿದ್ದ ನೌಕಾಪಡೆಯ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಆಗ ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಮು ಸಾಮಾನ್ಯವಾಗಿ ಇನ್ನೊಂದು ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಈ ತೊಡಕಿನ ನಿವಾರಣೆಗಾಗಿ ಅಲ್ಲಿ ಆಲ್ಗಾಲ್ 58 ಭಾಷೆಯನ್ನು ಆಧರಿಸಿದ ನೆಲಿಯಾಕ್ ಎಂಬ ಭಾಷೆ ಸಿದ್ಧವಾಯಿತು. ಅದರ ರಚನೆಯಲ್ಲಿ ಹಾಲ್‌ಸ್ಟೆಡ್ ಅವರದು ಮುಖ್ಯ ಪಾತ್ರ. ಯಂತ್ರವನ್ನು ಅವಲಂಬಿಸದ ಪ್ರೋಗ್ರಾಮಿಂಗ್ ಕುರಿತ ಅವರ ಪುಸ್ತಕ 1962ರಲ್ಲಿ ಪ್ರಕಟವಾಯಿತು. ಮುಂದೆ ಅವರು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನದ ಪ್ರಾಧ್ಯಾಪಕರಾದರು.

ಅಳತೆಯ ಕ್ರಮ

ಪ್ರೋಗ್ರಾಮಿನಲ್ಲಿ ಕ್ರಿಯೆಯನ್ನು ಸೂಚಿಸುವ ಚಿಹ್ನೆಗಳನ್ನು ಆಪರೇಟರ್ ಎಂದೂ, ಕ್ರಿಯೆಗೆ ಒಳಗಾಗುವ ಹೆಸರು ಹಾಗೂ ಸಂಖ್ಯೆಗಳನ್ನು ಆಪರೆಂಡ್ ಎಂದೂ ಹಾಲ್‌ಸ್ಟೆಡ್ ವಿಂಗಡಿಸಿದರು. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಮಳೆಯ ಅಳತೆಯನ್ನು ಕೂಡಿಸುವ ಸಾಲನ್ನು ಉದಾಹರಣೆಯಾಗಿ ನೋಡಬಹುದು:

ಒಟ್ಟು = ಶ್ರೀರಂಗಪಟ್ಟಣ + ಪಾಂಡವಪುರ + ಕೆಆರ್‌ಪೇಟೆ + ನಾಗಮಂಗಲ

ಇಲ್ಲಿ ಆಪರೇಟರುಗಳು 2 ಬಗೆ. ಅವು ಬಂದಿರುವುದು 4 ಸಲ. ಆಪರೆಂಡುಗಳು 5 ಬಗೆ. ಅವು ಬಂದಿರುವುದು 5 ಸಲ. ಅಂದರೆ ಪದಸಂಪತ್ತು 7, ಉದ್ದ 9. ಪದಸಂಪತ್ತಿನ 2 ಆಧಾರದ ಲಾಗರಿದಮ್ಮಿನಿಂದ (ಸುಮಾರು 2.81) ಉದ್ದವನ್ನು ಗುಣಿಸಿದರೆ ಬರುವ ಸುಮಾರು 25.3 ಎಂಬುದು ಈ ಸಾಲಿನ ಗಾತ್ರ.

ಭಾಷೆಗಳ ಹೋಲಿಕೆ

ಒಂದು ಕೆಲಸಕ್ಕೆ ಬೇಕಾದ ಕನಿಷ್ಠ ಗಾತ್ರವನ್ನು ವಾಸ್ತವ ಗಾತ್ರದಿಂದ ಭಾಗಿಸಿ, ಬಂದ ಫಲವನ್ನು ಮತ್ತೆ ಕನಿಷ್ಠ ಗಾತ್ರದಿಂದ ಗುಣಿಸಿದರೆ ಭಾಷಾ ಮಟ್ಟ ದೊರೆಯುತ್ತದೆ. ಕೆಲಸ ಬದಲಾದರೂ ಒಂದು ಭಾಷೆಯ ಮಟ್ಟ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ ಎಂಬುದು ಹಾಲ್‌ಸ್ಟೆಡ್ ಅವರ ಊಹೆ. 1977ರಲ್ಲಿ ಪ್ರಕಟವಾದ ಸಾಫ್ಟ್‌ವೇರ್ ವಿಜ್ಞಾನದ ಗ್ರಂಥದಲ್ಲಿ ಅವರು ನೀಡಿದ ಸರಾಸರಿಗಳ ಪ್ರಕಾರ ಪಿಎಲ್/1 ಭಾಷೆಯ ಮಟ್ಟ 1.53, ಆಲ್ಗಾಲ್ 1.21, ಫೋರ್ಟ್ರಾನ್ 1.14, ಅಸೆಂಬ್ಲಿ 0.88. ಇಂಗ್ಲಿಷ್ ಗದ್ಯದ ಮಟ್ಟ 2.16.

ವಿಮರ್ಶೆ ಮತ್ತು ಪ್ರಭಾವ

ಗ್ರಂಥ ಹೊರಬಂದ ಎರಡು ವರ್ಷಗಳಲ್ಲಿ ಹಾಲ್‌ಸ್ಟೆಡ್ ನಿಧನರಾದರು. ಅವರ ಸಿದ್ಧಾಂತದ ಕಟುವಾದ ಪರಿಶೀಲನೆ ನಡೆದದ್ದು 1980ರ ದಶಕದ ಆರಂಭದಲ್ಲಿ. ಅದಕ್ಕೆ ಉತ್ತರಿಸಲು ಅವರು ಇರಲಿಲ್ಲ. ಒಂದೇ ಭಾಷೆಯ ಬೇರೆ ಬೇರೆ ಪ್ರೋಗ್ರಾಮುಗಳ ಮಟ್ಟಗಳಲ್ಲಿ ಅಂತರ ಬಹಳವಿದೆ, ಎಣಿಕೆಯ ನಿಯಮಗಳು ಎಲ್ಲ ಭಾಷೆಗಳಿಗೂ ಸ್ಪಷ್ಟವಾಗಿ ಹೊಂದುವುದಿಲ್ಲ ಎಂಬ ಆಕ್ಷೇಪಗಳು ಬಂದವು. ಆದ್ದರಿಂದ ಮೇಲಿನ ಸರಾಸರಿಗಳನ್ನು ಭಾಷೆಗಳ ಯೋಗ್ಯತೆಯ ಅಂತಿಮ ತೀರ್ಪೆಂದು ಪರಿಗಣಿಸಲಾಗದು. ಆದರೂ ಅವರ ಎಣಿಕೆಯ ಕ್ರಮ ಉಳಿದುಬಂದಿದ್ದು, ಪ್ರೋಗ್ರಾಮುಗಳನ್ನು ವಿಶ್ಲೇಷಿಸುವ ಹಲವು ಉಪಕರಣಗಳು ಇಂದಿಗೂ ಹಾಲ್‌ಸ್ಟೆಡ್ ಅಳತೆಗಳನ್ನು ಲೆಕ್ಕ ಹಾಕುತ್ತವೆ.